ಗೋಪಾಳದ ರಿಪೋರ್ಟು, ಭದ್ರಾವತಿಯ ರಿಪೋರ್ಟು

ನಮ್ಮ ಅತ್ತೆಯ ಹೃದಯದಲ್ಲಿ ಲೋಹದ ಕವಾಟ ಇದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ಸಂಜೆ ಮಾತ್ರೆ. ಕಮ್ಮಿಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಜಾಸ್ತಿಯಾದರೆ ಒಳಗೊಳಗೇ ರಕ್ತ ಸೋರುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ಐ.ಎನ್.ಆರ್. ಅನ್ನೋ ರಕ್ತಪರೀಕ್ಷೆ. ಅಂಕಿ ಎರಡೂವರೆಯಿಂದ ಮೂರೂವರೆಯೊಳಗೆ ಇರಬೇಕು. ಅದನ್ನು ನೋಡಿಯೇ ಡಾಕ್ಟರು ಮಾತ್ರೆ ಏರಿಸೋದು, ಇಳಿಸೋದು.

ಅತ್ತೆ ಒಂದು ತಿಂಗಳು ಗೋಪಾಳದ ನಮ್ಮ ಮನೆಯಲ್ಲಿ, ಒಂದು ತಿಂಗಳು ಭದ್ರಾವತಿಯ ಮೈದುನನ ಮನೆಯಲ್ಲಿ. ಅಣ್ಣತಮ್ಮಂದಿರು ಮಾಡಿಕೊಂಡ ಸರದಿ. ಎಲ್ಲಿರುತ್ತಾರೋ ಅಲ್ಲೇ ಪರೀಕ್ಷೆ. ಯುಗಾದಿ ಕಳೆದ ಮೇಲೆ ನಮ್ಮಲ್ಲಿ ಮಾಡಿಸಿದಾಗಲೆಲ್ಲ ಅಂಕಿ ಕೆಳಗೆ, ಮಾತ್ರೆ ಏರುತ್ತಿತ್ತು. ಭದ್ರಾವತಿಯಲ್ಲಿ ಅಂಕಿ ಮೇಲೆ, ಮಾತ್ರೆ ಇಳಿಯುತ್ತಿತ್ತು.

ಲ್ಯಾಬಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಬಂದಿದ್ದು ಸೊಸೆಯರ ಮೇಲೆ.

"ಅಕ್ಕ, ನೀವು ದಿನಾ ಪಾಲಕ್ ಹಾಕ್ತೀರಂತೆ. ಸೊಪ್ಪು ಜಾಸ್ತಿ ತಿಂದ್ರೆ ಆ ಮಾತ್ರೆ ಕೆಲಸ ಮಾಡಲ್ಲ, ಗೊತ್ತಿಲ್ವಾ?" ಅಂತ ಫೋನಿನಲ್ಲಿ ನನ್ನ ಓರಗಿತ್ತಿ.

"ನೀನು ಸೀರಿಯಲ್ ನೋಡ್ತಾ ಎರಡೆರಡು ಸಲ ಮಾತ್ರೆ ಕೊಡ್ತೀಯೇನೋ, ನೋಡ್ಕೋ ಮಾರಾಯ್ತಿ" ಅಂದೆ. ಮೆತ್ತಗೇ ಅಂದೆ. ಮೆತ್ತಗೆ ಅಂದರೆ ಹೆಚ್ಚು ನಾಟುತ್ತದೆ ಅಂತ ಗೊತ್ತಿದ್ದೇ ಅಂದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅತ್ತೆಯ ರವಿಕೆಯ ಹುಕ್ಕು ಹಾಕುತ್ತಿದ್ದೆ. ತೋಳಿನ ಒಳಮಗ್ಗುಲಲ್ಲಿ ಅಂಗೈಯಗಲ ನೇರಳೆ ಬಣ್ಣ. ಬಚ್ಚಲಲ್ಲಿ ಅವರ ಬ್ರಷ್ ನೋಡಿದೆ. ತೊಳೆದಿದ್ದರು, ಆದರೂ ಬುಡದಲ್ಲಿ ಕೆಂಪು ಉಳಿದಿತ್ತು.

"ವಾರದಿಂದ ವಸಡಲ್ಲಿ ಬರ್ತಿದೆ ಕಣೆ. ನೀವಿಬ್ರೂ ಮತ್ತೆ ಜಗಳ ಆಡ್ತೀರಿ ಅಂತ ಹೇಳ್ಲಿಲ್ಲ" ಅಂದರು.

ನನಗೆ ಉರಿದುಹೋಯಿತು, ಮೊದಲು ನನ್ನ ಮೇಲೇ. ಆಗಲೇ ನಮ್ಮ ಲ್ಯಾಬಿಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಅಲ್ಲಿಂದ ಮನೆಗೆ ಬರದೆ ಕಾರು ಸೀದಾ ಭದ್ರಾವತಿಗೆ, ಒಂದೇ ದಿನ ಎರಡೂ ಕಡೆ ಅಂಕಿ ಎಷ್ಟು ಬರುತ್ತೆ ನೋಡಿಯೇಬಿಡೋಣ ಅಂತ. ಮಲವಗೊಪ್ಪ ದಾಟುವಾಗ ಅತ್ತೆ, "ಇರೋದೇ ಇಷ್ಟು ರಕ್ತ, ಎರಡೂರಿಗೂ ಹಂಚ್ತೀಯಲ್ಲೇ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಎರಡೂ ರಿಪೋರ್ಟು ಮೊಬೈಲಿಗೆ ಬಂದವು. ಗೋಪಾಳದಲ್ಲಿ ಮೂರು, ಭದ್ರಾವತಿಯಲ್ಲಿ ಐದಕ್ಕೂ ಮೇಲೆ. ರಕ್ತ ಕೊಟ್ಟ ಹೊತ್ತಿನಲ್ಲಿ ಎರಡು ಗಂಟೆಯ ಅಂತರವೂ ಇರಲಿಲ್ಲ. ನಮ್ಮ ಲ್ಯಾಬನ್ನೇ ನಂಬಿದ್ದರೆ ಆ ಸಂಜೆಯೂ ಮಾತ್ರೆ ಕೊಡುತ್ತಿದ್ದೆ, ಈ ಕೈಯಾರೆ. ಡಾಕ್ಟರಿಗೆ ಫೋನು ಮಾಡಿ ತೋಳಿನ ಕಲೆಯನ್ನೂ ವಸಡಿನ ರಕ್ತವನ್ನೂ ಹೇಳಿದೆ. "ಇವತ್ತು ಮಾತ್ರೆ ಕೊಡಲೇಬೇಡಿ, ಈಗಲೇ ಕರ್ಕೊಂಡು ಬನ್ನಿ" ಅಂದರು.

ಡಾಕ್ಟರಿಗೆ ತೋರಿಸಿ, ಅತ್ತೆಯನ್ನು ಮನೆಯಲ್ಲಿ ಮಲಗಿಸಿ ಗೋಪಾಳದ ಲ್ಯಾಬಿಗೆ ಹೋದೆ. ಗಾಜಿನ ಬಾಗಿಲು, ಏಸಿ, ಗೋಡೆಯಲ್ಲಿ ಸರ್ಟಿಫಿಕೇಟುಗಳ ಸಾಲು. ಇದನ್ನೆಲ್ಲ ನೋಡಿಯೇ ನಾನು ಇವರನ್ನು ಕಣ್ಣುಮುಚ್ಚಿ ನಂಬಿದ್ದು.

"ಲ್ಯಾಬಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತೆ ಮೇಡಂ" ಅಂದರು ಮ್ಯಾನೇಜರು.

"ಮೂರಕ್ಕೂ ಐದಕ್ಕೂ ಸ್ವಲ್ಪನಾ? ನಿಮ್ಮಮ್ಮನಿಗೆ ಕೊಡ್ತೀರಾ ಈ ಸ್ವಲ್ಪವನ್ನ?"

ನನ್ನ ದನಿ ಅಷ್ಟು ಏರುತ್ತದೆಂದು ನನಗೇ ಗೊತ್ತಿರಲಿಲ್ಲ. ಒಳಗಿದ್ದ ಟೆಕ್ನಿಷಿಯನ್ ಹುಡುಗಿ ಹೊರಗೆ ಬಂದಳು. ಎರಡೂ ರಿಪೋರ್ಟು ನೋಡಿದಳು, ಫ್ರಿಜ್ಜಿನಿಂದ ಪರೀಕ್ಷೆಗೆ ರಕ್ತಕ್ಕೆ ಬೆರೆಸುವ ಔಷಧಿಯ ಪೆಟ್ಟಿಗೆ ತೆಗೆದು ಅದರೊಳಗಿನ ಚೀಟಿಯನ್ನು ಮೆಷಿನ್ನಿನ ಪರದೆಯ ಪಕ್ಕ ಹಿಡಿದಳು.

"ಆಂಟಿ, ಒಂದೊಂದು ಪೆಟ್ಟಿಗೆ ಔಷಧಿ ಒಂದೊಂದು ಥರ ಇರುತ್ತೆ. ಎಲ್ಲಾ ಕಡೆ ಒಂದೇ ರಿಸಲ್ಟ್ ಬರ್ಲಿ ಅಂತ್ಲೇ ಚೀಟೀಲಿ ನಂಬರ್ ಕೊಟ್ಟಿರ್ತಾರೆ. ಪೆಟ್ಟಿಗೆ ಬದಲಾದಾಗ ಅದನ್ನ ಮೆಷಿನ್ನಿಗೆ ಹಾಕ್ಬೇಕು. ನಾವು ಕಂಪನಿ ಬದಲಾಯಿಸಿದ್ವಿ, ನಂಬರ್ ಹಳೇದೇ ಇದೆ."

"ಯಾವಾಗಿಂದ?"

ಅವಳು ಮ್ಯಾನೇಜರ ಮುಖ ನೋಡಿದಳು. "ಯುಗಾದಿ ಹೊತ್ತಿಗೆ."

ಒಂದು ನಂಬರು ಒತ್ತುವುದಕ್ಕೆ ಎಷ್ಟು ಹೊತ್ತು ಬೇಕು? ತಪ್ಪು ಗೊತ್ತಾದ ಮೇಲೂ ಮ್ಯಾನೇಜರು ಕುರ್ಚಿಯಿಂದ ಏಳಲಿಲ್ಲ. ಈ ಮಾತ್ರೆ ನುಂಗುವ ಎಲ್ಲರಿಗೂ ಫೋನು ಮಾಡಿ ಅಂದರೆ, "ಮೇಲಿನವರನ್ನ ಕೇಳ್ಬೇಕು" ಅಂದರು. ಆ ಮಾತನ್ನೇ ಬರೆದು ಕೊಡಿ ಅಂದೆ. ಕೊಡಲಿಲ್ಲ. ಆ ಫೋನುಗಳನ್ನು ಮಾಡಿದರೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಸಂಜೆ ಓರಗಿತ್ತಿಗೆ ಫೋನು ಮಾಡಿ ಎಲ್ಲ ಹೇಳಿದೆ. ನಿನ್ನ ತಪ್ಪೇನೂ ಇರಲಿಲ್ಲ, ಸಾರಿ ಅಂದೆ. ಆ ಕಡೆ ಕುಕ್ಕರ್ ಕೂಗಿ ನಿಂತಿತು.

"ಕಾನ್ವೆಂಟಲ್ಲಿ ಓದಿದವ್ರು ನೀವು, ಸಾರಿ ಅನ್ನೋದು ಸುಲಭ" ಅಂದಳು. ಆಮೇಲೆ, "ರಕ್ತ ನಿಂತಿದ್ಯಾ ಅಕ್ಕ? ನಾಳೆ ಎಷ್ಟು ಮಾತ್ರೆ ಅಂತೆ, ಹೇಳಿ, ಬರ್ಕೋತೀನಿ."