ಪೂರ್ವಕ್ಕೆ ತಿರುಗಿದ ಅಡುಗೆಮನೆ

ಕ್ಯಾರವಾನ್ ಒಳಗೆ ಹತ್ತಿ ಪುಟ್ಟ ಒಲೆಯ ಮುಂದೆ ನಿಂತ ನಮ್ಮತ್ತೆ, “ಇದು ಪಶ್ಚಿಮಕ್ಕಿದೆ ಕಣೇ,” ಅಂದರು.

ಹೊರಗಿನ ಊಟ ಮುಟ್ಟದ ಅವರನ್ನು ಕಾಶಿಗೆ ಕರೆದೊಯ್ಯಲು ಒಲೆ, ನೀರಿನ ಟ್ಯಾಂಕು, ಬಚ್ಚಲು, ಹಾಸಿಗೆ ಎಲ್ಲವೂ ಒಳಗೇ ಇರುವ ಗಾಡಿಯೇ ಬೇಕಿತ್ತು. ಅದನ್ನು ಆರಿಸಲೆಂದೇ ಕ್ಯಾರವಾನ್ ಬಾಡಿಗೆಗೆ ಕೊಡುವ ಕೆಂಗೇರಿಯ ಈ ಶೆಡ್ಡಿಗೆ ಬಂದಿದ್ದೆವು. ಆದರೆ ಪೂರ್ವಕ್ಕೆ ಮುಖ ಮಾಡಿಯೇ ಅಡುಗೆ ಮಾಡಬೇಕೆಂದು ವಿಜಯನಗರದ ಮನೆಯಲ್ಲಿ ಗೋಡೆಯನ್ನೇ ಒಡೆಸಿದವರು ಅವರು. ಗಾಡಿಯಲ್ಲಿ ಏನನ್ನು ಒಡೆಸುವುದು? “ನಡಿಯಮ್ಮ, ಬೇರೆ ನೋಡೋಣ,” ಅಂದರು ನಮ್ಮ ಯಜಮಾನರು.

ಅತ್ತೆ ಮೆಲ್ಲಗೆ ಇಳಿದು, ಹಣೆಗೆ ಕೈ ಅಡ್ಡ ಹಿಡಿದು ಸೂರ್ಯನತ್ತ ನೋಡಿದರು. ಆಮೇಲೆ ಶೆಡ್ಡಿನವನಿಗೆ, “ಏನಪ್ಪಾ, ಗಾಡೀನ ಸ್ವಲ್ಪ ತಿರುಗ್ಸಿ ನಿಲ್ಲಿಸ್ತೀಯಾ?” ಅಂದರು.

ಹಾಸಿಗೆ, ಬಚ್ಚಲು, ನೀರು ಸಮೇತ ಇಡೀ ಮನೆ ನಮ್ಮ ಕಣ್ಣೆದುರೇ ಅವರಿಗಾಗಿ ತಿರುಗಿತು. ಮತ್ತೆ ಹತ್ತಿ ಒಲೆ ಮುಂದೆ ನಿಂತ ಅತ್ತೆಯ ಮುಖದ ಮೇಲೆ ಎದುರು ಕಿಟಕಿಯಿಂದ ಬೆಳಗಿನ ಬಿಸಿಲು ಬಿತ್ತು. “ಇದೇ ಇರ್ಲಿ,” ಅಂದರು.

ಮನೆಗೆ ಬಂದು ಹಾಲು ಕಾಯಿಸುವಾಗ, ಒಡೆಸಿ ಮತ್ತೆ ಕಟ್ಟಿಸಿದ ಆ ಗೋಡೆಯನ್ನು ನೋಡಿದೆ. ಪಾಪ, ಅಲ್ಲೇ ನಿಂತಿತ್ತು.