ಮೊಮ್ಮಗಳ ಟೆಂಟಿನಲ್ಲಿ ಒಂದು ಜಾಗ

ಕುಮಟೆಯ ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗಳು ಗೇರುಸೊಪ್ಪದ ಹಿನ್ನೀರಿನ ನಡುಗಡ್ಡೆಯೊಂದರಲ್ಲಿ ಒಂದು ದಿನ ಉಳಿದು ಬರಲು ಹೊರಟಾಗ ಜೊತೆಗೆ ಕರೆದದ್ದು ನನ್ನನ್ನಲ್ಲ, ನನ್ನ ಓರಗಿತ್ತಿಯನ್ನು. ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಇದನ್ನು ಬರೆಯುವಾಗ ಈಗಲೂ ನನ್ನ ಬೆರಳು ಸ್ವಲ್ಪ ಜೋರಾಗಿಯೇ ಬೀಳುತ್ತಿದೆ.

ಓರಗಿತ್ತಿ ಎಂದರೆ ನನ್ನ ಮೈದುನನ ಹೆಂಡತಿ. ನನಗಿಂತ ಆರು ವರ್ಷ ಸಣ್ಣವಳು. ಹೊನ್ನಾವರದ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇಬ್ಬರೂ ಮುದುಕಿಯರಾಗಿದ್ದೇವೆ. ಮೊಮ್ಮಗಳ ಜಡೆ ಹೆಣೆದದ್ದು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡದ್ದು ನಾನು. ಆದರೆ ಹುಡುಗಿ 'ಸಣ್ಣಜ್ಜಿ, ಸಣ್ಣಜ್ಜಿ' ಎಂದು ಸೆರಗು ಹಿಡಿದು ತಿರುಗಿದ್ದು ಅವಳ ಹಿಂದೆ. ಅವಳು ಕಥೆ ಹೇಳುತ್ತಿದ್ದಳು, ನಾನು ಮಗ್ಗಿ ಕೇಳುತ್ತಿದ್ದೆ. ತಪ್ಪು ನನ್ನದೇ ಇರಬಹುದು.

"ಸಣ್ಣಜ್ಜಿ ಗೇರುಸೊಪ್ಪದ ಬದಿಯವಳಲ್ದಾ, ಕಾಡು ಗೊತ್ತು. ಅಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ, ಪಾಯಖಾನೆಯೂ ಇಲ್ಲ," ಎಂದಳು ಮೊಮ್ಮಗಳು.

"ನಾ ಅಘನಾಶಿನಿಯವಳು, ನಂಗೆ ನೀರು ಗೊತ್ತು. ನಡುಗಡ್ಡೆ ಅಂದ್ರೆ ಸುತ್ತ ನೀರೇ ಅಲ್ದಾ?"

"ನಿಂಗೆ ಮಂಡಿ ನೋವು, ಅಜ್ಜಿ."

"ಮಂಡಿ ಮನೆಲೂ ನೋಯ್ತದೆ. ನಾ ಬತ್ತೆ."

ಹೀಗೆ ನಾನು ಕರೆಯದೆ ಹೋದ ಮೂರನೆಯವಳು. ದೋಣಿಯವನು ನಮ್ಮನ್ನು ಬೆಳಿಗ್ಗೆ ಅಲ್ಲಿ ಇಳಿಸಿ, ಮರುದಿನ ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಹೋದ. ನೀರಿನಿಂದ ಮೇಲೆದ್ದ ಗುಡ್ಡದ ತಲೆಯಷ್ಟೇ ಆ ನಡುಗಡ್ಡೆ. ದಡದಲ್ಲಿ ಕೆಂಪು ಮಣ್ಣು, ಮೇಲೆ ದಟ್ಟ ಮರಗಳು. ಫೋನಿಗೆ ಸಿಗ್ನಲ್ ಇಲ್ಲ. ಮೊಮ್ಮಗಳು ಗೆಳತಿಯಿಂದ ಎರಡು ಟೆಂಟು ತಂದಿದ್ದಳು. ಒಂದರಲ್ಲಿ ಇಬ್ಬರು ಮಲಗಬಹುದು. ಇನ್ನೊಂದು ಒಬ್ಬರಿಗೆ, ಅದೂ ಕೈಕಾಲು ಮಡಚಿಕೊಂಡರೆ.

"ನಿನ್ ಸಂಗ್ತಿಗೆ ಯಾರು ಮಲಗೂದು?" ಎಂದು ನಾನು ಕೇಳಿಯೇಬಿಟ್ಟೆ.

ಹುಡುಗಿ ನಕ್ಕಳು. "ಯಾರು ಮೊದ್ಲು ಒಲೆ ಹೊತ್ತಿಸ್ತಾರೋ ಅವ್ರು."

ಅವಳಿಗೆ ಅದು ತಮಾಷೆ. ನನಗೆ ಅಲ್ಲ.

ಮೂರು ಕಲ್ಲು ಹುಡುಕಿ ಒಲೆ ಹೂಡಿದ್ದು ನಾನು. ಓರಗಿತ್ತಿ ಕಟ್ಟಿಗೆಗೆ ಹೋದಳು. ಮೊಮ್ಮಗಳು ಫೋನು ಹಿಡಿದು ಅವಳ ವಿಡಿಯೋ ತೆಗೆಯುತ್ತಾ ಹಿಂದೆಯೇ ನಡೆದಳು. ವಿಡಿಯೋದಲ್ಲಿ ಚಂದ ಕಾಣಲಿ ಎಂದು ಆ ಮಹಾತಾಯಿ ಕನ್ನಡಕ ತೆಗೆದು ಕುಪ್ಪಸದೊಳಗೆ ಸಿಕ್ಕಿಸಿಕೊಂಡಳು. ಕನ್ನಡಕ ಇಲ್ಲದಿದ್ದರೆ ಅವಳಿಗೆ ಸಾರಿನಲ್ಲಿ ಬಿದ್ದ ಇರುವೆಯೂ ಸಾಸಿವೆಯೇ.

ಅವಳು ಕೈ ಹಾಕಿದ್ದು ಗಾಳಿಗೆ ಮುರಿದು ಜೋತುಬಿದ್ದಿದ್ದ ಒಂದು ಕೊಂಬೆಗೆ. ಮುರಿದ ಕಡೆ ಎಣ್ಣೆ ಚೆಲ್ಲಿದ ಹಾಗೆ ಕಪ್ಪು ಕಲೆ. ನೋಡಿದ ಕೂಡಲೇ ನನಗೆ ತಿಳಿಯಿತು, ಹೊಲಗೇರು. ಅದರ ಸೊನೆ ಮೈಗೆ ತಾಗಿದರೆ ಚರ್ಮ ಕೆಂಪಾಗಿ ಬೊಬ್ಬೆ ಏಳುತ್ತದೆ. ಮದುವೆಯಾದ ಹೊಸತರಲ್ಲಿ ಗುಡ್ಡಕ್ಕೆ ಕಟ್ಟಿಗೆಗೆ ಹೋಗಿ ಅದನ್ನು ಹೊತ್ತು ತಂದು, ಎಂಟು ದಿನ ಕಣ್ಣು ಬಿಡಲಾಗದೆ ಕೂತವಳು ನಾನು. ಆ ಮರವನ್ನು ಮರೆಯುವುದುಂಟೇ?

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೊಮ್ಮಗಳು, "ಸಣ್ಣಜ್ಜಿ, ಹಾಂಗೇ ನಿಲ್ಲು. ಎಷ್ಟು ಚಂದ ಕಾಣ್ತೆ ಗೊತ್ತಾ, ಕಾಡಿನ ರಾಣಿ," ಎಂದಳು.

ನಾನು ಬಾಯಿ ಮುಚ್ಚಿಕೊಂಡೆ.

ರಾಣಿ ಎರಡೂ ಕೈಯಲ್ಲಿ ಕೊಂಬೆ ಮುರಿದು ತಂದು ಒಲೆಯ ಹತ್ತಿರ ಹಾಕಿದಳು. ಅದರ ಹೊಗೆ ಹುಡುಗಿಯ ಮುಖಕ್ಕೆ ಬಡಿದೀತೆಂದು ನಾನು ಚಪ್ಪಲಿ ಕಾಲಲ್ಲೇ ಅದನ್ನು ದೂರ ನೂಕಿದೆ. "ಹಸಿ ಇದೆ, ಹೊತ್ತೂದಿಲ್ಲ," ಎಂದೆ. ಅಷ್ಟು ಹೇಳಲು ಬಾಯಿ ಬಂತು, ಉಳಿದದ್ದಕ್ಕೆ ಬರಲಿಲ್ಲ. ಆಮೇಲೆ ಒಣ ಎಲೆ, ಪುರಲೆ ಒಟ್ಟಿ, ಮನೆಯಿಂದ ಸೊಂಟಕ್ಕೆ ಸಿಕ್ಕಿಸಿಕೊಂಡು ತಂದಿದ್ದ ಕರ್ಪೂರವನ್ನು ಯಾರೂ ಕಾಣದ ಹಾಗೆ ಅಡಿಗೆ ತಳ್ಳಿ ಕಡ್ಡಿ ಗೀರಿದೆ. ಒಲೆ ಒಂದೇ ಸಲಕ್ಕೆ ಹೊತ್ತಿತು.

"ಅಜ್ಜಿ ಗೆದ್ದಳು," ಎಂದಳು ಮೊಮ್ಮಗಳು. ನಾನು ಕೂಡಲೇ ನನ್ನ ಚೀಲ ಒಯ್ದು ದೊಡ್ಡ ಟೆಂಟಿನಲ್ಲಿ ಇಟ್ಟೆ.

ಗಂಜಿ ಬೆಂದಿತು. ಒಣ ಸಿಗಡಿ ಚಟ್ನಿ ನಂಚಿಕೊಂಡು ಮೂವರೂ ಉಂಡೆವು. ಊಟವೇನೋ ರುಚಿಯಾಗಿಯೇ ಇತ್ತು, ನನಗೆ ಮಾತ್ರ ಓರಗಿತ್ತಿಯ ಬೆರಳುಗಳ ಮೇಲೆಯೇ ಕಣ್ಣು. ಸಂಜೆ ನೀರಿನ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಅವಳು ಮಣಿಕಟ್ಟು ತುರಿಸಿಕೊಳ್ಳತೊಡಗಿದಳು. ಕನ್ನಡಕ ಹಾಕಿಕೊಂಡು ಕೈ ನೋಡಿಕೊಂಡಳು.

"ಹೊಲಗೇರು," ಎಂದಳು. "ಥೂ, ಕಾಡಲ್ಲಿ ಹುಟ್ಟಿದವಳು ನಾನು."

ಮೊಮ್ಮಗಳಿಗೆ ಅಳುವೇ ಬಂತು. ತೆಂಗಿನೆಣ್ಣೆ ತಂದು ಹಚ್ಚಿದಳು, ಒದ್ದೆ ಬಟ್ಟೆ ಸುತ್ತಿದಳು, ತನ್ನ ಕೈಯಿಂದ ನೀರು ಕುಡಿಸಿದಳು. ನಾನು ಜ್ವರದಲ್ಲಿ ಬಿದ್ದಾಗ 'ಮಾತ್ರೆ ತಗೊಂಡ್ಯಾ ಅಜ್ಜಿ' ಎಂದು ಬಾಗಿಲಲ್ಲೇ ನಿಂತು ಕೇಳಿ ಹೋದ ಹುಡುಗಿ ಇವಳೇ. ಆಮೇಲೆ ನನ್ನ ಚೀಲ ಎತ್ತಿಕೊಂಡು ಬಂದು, "ಅಜ್ಜಿ, ಸಣ್ಣಜ್ಜಿ ಇವತ್ತು ನನ್ ಸಂಗ್ತಿಗೆ ಮಲಗ್ಲಿ, ಆತಾ?" ಎಂದಳು.

"ಆತು," ಎಂದು ಚೀಲ ತೆಗೆದುಕೊಂಡು ಸಣ್ಣ ಟೆಂಟಿಗೆ ನುಸುಳಿದೆ.

ಬೆಳಿಗ್ಗೆ ನೋಡಿದರೆ ಓರಗಿತ್ತಿಯ ಕೈ ಮೊಣಕೈಯವರೆಗೂ ಬಾತಿತ್ತು. ದೋಣಿ ಬರಲು ಇನ್ನೂ ಎರಡು ತಾಸು. ಹೊಲಗೇರು ತಾಗಿದವರು ಶಾಂತಿ ಮರಕ್ಕೆ, ಅಂದರೆ ತಾರೆ ಮರಕ್ಕೆ, ಮೂರು ಸುತ್ತು ಬಂದು, ತಾವು ಮಾಡಿದ ತಪ್ಪು ಹೇಳಿಕೊಂಡರೆ ಬೇಗ ವಾಸಿಯಾಗುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಓರಗಿತ್ತಿಯೇ ಆ ಮರವನ್ನು ಗುರುತಿಸಿದಳು, ಈ ಸಲ ಕನ್ನಡಕ ಹಾಕಿಕೊಂಡು. ಮೂರು ಸುತ್ತು ಬಂದಳು. ಸುತ್ತು ಮುಗಿಸಿ ಕೈ ಮುಗಿಯಲು ಹೋದರೆ ಬಾತ ಕೈ ಕೂಡಲಿಲ್ಲ.

"ಎಂತ ತಪ್ಪು ಅಂತ ಹೇಳೂದು ಅಕ್ಕಾ? ನೆನಪೇ ಆಗೂದಿಲ್ಲ," ಎಂದು ನನ್ನ ಮುಖ ನೋಡಿದಳು. "ಯಾರಿಗಾದ್ರೂ ಕೆಟ್ಟದು ಮಾಡಿದ್ನಾ ನಾನು?"

ಮೊಮ್ಮಗಳು ಪಕ್ಕದಲ್ಲೇ ಇದ್ದಳು. ಅವಳ ಮುಂದೆ ಹೇಳಿದರೆ ನನಗೆ ಇನ್ನು ಯಾವ ಟೆಂಟಿನಲ್ಲೂ ಜಾಗ ಸಿಗದೆಂದು ಗೊತ್ತಿತ್ತು. ಆದರೆ ಓರಗಿತ್ತಿ ಮರದ ಮುಂದೆ ನಿಂತು ಮಾಡದ ತಪ್ಪನ್ನು ಹುಡುಕುವುದನ್ನು ನೋಡಲಾಗಲಿಲ್ಲ.

"ನೀ ಹೇಳೂದು ಬೇಡ, ನಾ ಹೇಳ್ತೆ," ಎಂದೆ. "ನೀ ಕೊಂಬೆ ಮುರಿಯುವಾಗ್ಲೇ ನಂಗೆ ಗೊತ್ತಾಗಿತ್ತು. ಹೇಳ್ಲಿಲ್ಲ."

"ಎಂತಕ್ಕೆ?"

"ಅವಳು ನಿಂಗೆ ರಾಣಿ ಅಂದಳು."

ಓರಗಿತ್ತಿ ಬಾತ ಕೈಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ, "ನಿನ್ ಮುಖಕ್ಕೆ ಉಜ್ಜಬೇಕಿತ್ತು ಅದೇ ಕೊಂಬೆ," ಎಂದಳು. ಹೇಳುತ್ತಾ ಹೇಳುತ್ತಾ ನಕ್ಕುಬಿಟ್ಟಳು, ನಕ್ಕಾಗ ಕೈ ನೋವಾಗಿ ಬೈದಳು. ನಕ್ಕದ್ದಕ್ಕಿಂತ ಬೈದದ್ದೇ ಹೆಚ್ಚು.

ಮೊಮ್ಮಗಳು ನಗಲಿಲ್ಲ. ಟೆಂಟು ಬಿಚ್ಚುವಾಗ, ಸಾಮಾನು ದಡಕ್ಕೆ ತರುವಾಗ ನನ್ನೊಡನೆ ಒಂದು ಮಾತಿಲ್ಲ. ದೋಣಿ ಹತ್ತಿ ಅರ್ಧ ನೀರು ದಾಟಿದ ಮೇಲೆ ಹೇಳಿದಳು, "ಇನ್ನೊಂದ್ಸಲ ಬಂದ್ರೆ ನೀವಿಬ್ರೂ ದೊಡ್ಡ ಟೆಂಟಲ್ಲಿ. ನಾ ಸಣ್ಣದ್ರಲ್ಲಿ ಒಬ್ಬಳೇ."

ಇನ್ನೊಂದು ಸಲ ಎಂದಳಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅವಳ ಟೆಂಟು ನಮ್ಮ ಟೆಂಟಿನ ಯಾವ ಬದಿಗೆ ಬರುತ್ತದೆ, ಅದಕ್ಕೆ ತಾಗಿದ ಕಡೆ ನಾನು ಮಲಗಬಹುದೇ ಎಂದು ಕೇಳಲು ಮಾತು ಹೊಂದಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಓರಗಿತ್ತಿ ಬಟ್ಟೆ ಸುತ್ತಿದ ಕೈಯನ್ನು ಹುಡುಗಿಯ ತೊಡೆಯ ಮೇಲಿಟ್ಟು, "ನಿನ್ ಟೆಂಟಿನ ಬದಿಗೆ ನಾ ಮಲಗ್ತೆ ಮಗಾ, ಆತಾ?" ಎಂದುಬಿಟ್ಟಳು.

ಹುಡುಗಿ "ಆತು" ಎಂದಳು.