ರಾಯರ ಆರು ಸಾಲಿನ ಚೀಟಿ

ಶೇಷಗಿರಿರಾಯರು ಯಾರನ್ನೂ ಬರೀ ಹೆಸರು ಹಿಡಿದು ಕರೆದವರಲ್ಲ. ಮೊದಲು ಊರು, ಆಮೇಲೆ ಹೆಸರು, ಕೊನೆಗೆ ಅಪ್ಪನ ಹೆಸರು. ಅವರ ಬಾಯಲ್ಲಿ ನಾನು ‘ಶ್ರೀನಿವಾಸಪುರ ಸರೋಜಾ ರಾಮಯ್ಯ’. ಟೀ ತರುತ್ತಿದ್ದ ಬಾಷಾ ‘ನಂಗಲಿ ಬಾಷಾ ಇಮಾಂಸಾಬ್’. ಒಂದು ದಿನ ಅವರ ಹೆಂಡತಿ ಕೆಮ್ಮಿಗೆ ಔಷಧಿ ತೆಗೆದುಕೊಳ್ಳಲು ಬಂದು ಸಾಲಿನಲ್ಲಿ ಕೂತಿದ್ದಾಗ ಆಕೆಯನ್ನೂ ‘ಮಾಲೂರು ಕಮಲಾ ಸುಬ್ಬರಾವ್!’ ಎಂದು ಕೂಗಿಬಿಟ್ಟರು. ಆ ತಾಯಿ ಕೆಮ್ಮುತ್ತಲೇ ಎದ್ದು ಮನೆಗೆ ಹೋದರು. ಆಮೇಲೆ ಮೂರು ದಿನ ರಾಯರ ಡಬ್ಬಿಯಲ್ಲಿ ಬರೀ ಮೊಸರನ್ನ, ಉಪ್ಪಿನಕಾಯಿ ಕೂಡ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಮುಳಬಾಗಿಲಿನಿಂದ ನಂಗಲಿ ಕಡೆಗೆ ಹೋಗುವ ರಸ್ತೆಯಲ್ಲಿ ಆಗ ಒಂದು ಧರ್ಮಾಸ್ಪತ್ರೆ ಇತ್ತು. ಈಗ ಇಲ್ಲ, ಹೆಸರೂ ಬೇಡ. ರಾಯರು ಅಲ್ಲಿನ ರೆಕಾರ್ಡ್ ರೂಮಿನ ಯಜಮಾನರು, ನಾನು ಹೊಸದಾಗಿ ಸೇರಿದ ಗುಮಾಸ್ತೆ. ಅಪ್ಪ ಹೋಗಿ ವರ್ಷವಾಗಿತ್ತು, ಮನೆಯಲ್ಲಿ ಅಮ್ಮ ಮತ್ತು ಇಬ್ಬರು ತಂಗಿಯರು. ಆ ಕೆಲಸ ಬಿಟ್ಟರೆ ನಮಗೆ ಬೇರೆ ದಿಕ್ಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೆಪ ಹುಡುಕಿದ ಹಾಗಾಗುತ್ತದೆ.

ರೋಗಿಗಳ ಫೈಲುಗಳ ಮೇಲೆ ಹಿಂದಿನ ಡಾಕ್ಟರು ತಮಗೆ ನೆನಪಿರುವ ಹಾಗೆ ಏನೇನೋ ಗೀಚಿದ್ದರು. ‘ಕಿವಿ ಹರಿದ ಹೆಂಗಸು’, ‘ಬೆಲ್ಲದಂಗಡಿಯವರ ಬೀಗರು’, ‘ಲಾರಿ ಹತ್ತಿದ ಕಾಲು’, ‘ಗಲಾಟೆ ಮುದುಕಿ’. ಒಂದು ಫೈಲು ಬೇಕಾದರೆ ಆಯಾ ಚೌಡಮ್ಮನನ್ನೇ ಕೇಳಬೇಕು. ಅವಳು ಕಸ ಗುಡಿಸುತ್ತಲೇ, “ಗಲಾಟೆ ಮುದ್ಕಿನಾ? ಮೂರನೇ ಕಪಾಟು, ಕೆಳಗೆ ನೋಡಿ” ಎನ್ನುತ್ತಿದ್ದಳು. ಅವಳು ರಜೆ ಹಾಕಿದ ದಿನ ಇಡೀ ಆಸ್ಪತ್ರೆಗೆ ಮರೆವು ಬರುತ್ತಿತ್ತು.

ರಾಯರಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ. “ಇದು ಆಸ್ಪತ್ರೆನೋ, ಅರಳಿಕಟ್ಟೆನೋ? ಮನುಷ್ಯನಿಗೊಂದು ಹೆಸರು ಬೇಡ್ವಾ ಅಮ್ಮಾಯಿ?” ಎಂದು ನನ್ನ ಮೇಲೆ ಹಾರಾಡುವರು, ಆ ಹೆಸರುಗಳನ್ನೆಲ್ಲ ನಾನೇ ಇಟ್ಟ ಹಾಗೆ. ಒಂದು ಸೋಮವಾರ ಬೆಳಿಗ್ಗೆ ಬಂದವರೇ ಗೋಡೆಗೆ ಒಂದು ಚೀಟಿ ಅಂಟಿಸಿದರು. ಗುಂಡಗಿನ ಅಕ್ಷರದಲ್ಲಿ ಆರು ಸಾಲು. ಮೊದಲು ಊರು ಬರೆ. ಆಮೇಲೆ ಹೆಸರು. ಆಮೇಲೆ ಅಪ್ಪನ ಹೆಸರು, ಹೆಂಗಸಾದರೂ ಅಪ್ಪನದೇ. ಅಡ್ಡಹೆಸರು, ಕಸುಬು, ಕಾಯಿಲೆ, ಮಿಕ್ಕ ಗೀಚಾಟ ಎಲ್ಲ ಬಿಡು. ಒಂದೇ ಹೆಸರಿನ ಎರಡು ಫೈಲು ಬಂದರೆ ಒಬ್ಬರದೇ ಎಂದು ತಿಳಿದು ಒಂದೇ ರಟ್ಟಿನೊಳಗೆ ಸೇರಿಸು. ಒಳಗೆ ಎಲ್ಲಾದರೂ ಸತ್ತ ಷರಾ ಇದ್ದರೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕು.

“ಇಷ್ಟೇನಾ ರಾಯರೇ?” ಎಂದೆ.

“ಇಷ್ಟೇ. ಮುಖ್ಯವಾದ್ದು ಏನಂದ್ರೆ, ನೀನು ಯೋಚನೆ ಮಾಡ್ಬೇಡ. ಮನುಷ್ಯ ಒಂದೊಂದು ಫೈಲಿಗೂ ಯೋಚನೆ ಮಾಡಿದ್ರೆ ಒಂದೊಂದು ತರ ಬರೀತಾನೆ. ಚೀಟಿ ಒಂದೇ ಸಲ ಯೋಚನೆ ಮಾಡಿದೆ. ಅದು ಹೇಳಿದ ಹಾಗೆ ಮಾಡ್ತಾ ಹೋಗು, ಎಲ್ಲ ತಾನೇ ಸರಿಹೋಗತ್ತೆ.”

ಒಂದು ಬೇಸಿಗೆ ಪೂರ್ತಿ ಅದೇ ಕೆಲಸ. ಅವರು ಹಳೆಯ ಫೈಲಿನ ಮೊದಲ ಹಾಳೆ ನೋಡಿ ಓದಿ ಹೇಳುವರು, ನಾನು ಹೊಸ ರಟ್ಟಿನ ಮೇಲೆ ಬರೆಯುವೆ. ಹಳೆಯ ರಟ್ಟುಗಳು ನೀರು ಕಾಯಿಸುವ ಒಲೆಗೆ ಹೋದವು. ಅವುಗಳನ್ನು ಹೊತ್ತುಕೊಂಡು ಹೋಗುವಾಗ ಚೌಡಮ್ಮ ಗೊಣಗುತ್ತಿದ್ದಳು: “ಮುಂಚೆ ಮಕ ನೋಡ್ದಂಗಿತ್ತು ಸ್ವಾಮಿ. ಈಗೆಲ್ಲ ಒಂದೇ ತರ ಕಾಣ್ತವೆ.” ರಾಯರು ನಕ್ಕು, “ಒಂದೇ ತರ ಕಾಣ್ಲಿ ಅಂತಾನೇ ಮಾಡಿದ್ದು ಕಣೇ” ಎಂದರು.

ಸುಳ್ಳೇಕೆ ಹೇಳಲಿ, ಫಲ ಸಿಕ್ಕಿತು. ಯಾರು ಬಂದು ಊರು, ಹೆಸರು ಹೇಳಿದರೂ ಒಂದು ಚಿಟಿಕೆ ನಶ್ಯ ಏರಿಸಿ ಸೀನುವಷ್ಟರಲ್ಲಿ ರಾಯರ ಕೈಯಲ್ಲಿ ಫೈಲು. ಹೊಸ ಡಾಕ್ಟರು ಗಡಿಯಾರ ಹಿಡಿದು ಪರೀಕ್ಷೆ ಮಾಡಿ ಬೆನ್ನು ತಟ್ಟಿದರು. ಆವತ್ತು ರಾಯರು ಎಲ್ಲರಿಗೂ ಮೈಸೂರುಪಾಕು ಕೊಡಿಸಿದರು. ಜಿಪುಣರು, ಒಂದೊಂದು ತುಂಡನ್ನು ಎರಡು ಮಾಡಿ ಕೊಟ್ಟರು.

ಆ ಬೇಸಿಗೆಯ ಒಂದು ಮಧ್ಯಾಹ್ನ ನಡೆದದ್ದನ್ನು ಹೇಳಬೇಕು. ರಾಯರು ಊಟಕ್ಕೆ ಹೋಗಿದ್ದರು. ಅವರು ಗುರುತು ಹಾಕಿ ಇಟ್ಟಿದ್ದ ಫೈಲುಗಳಿಗೆ ನಾನೊಬ್ಬಳೇ ರಟ್ಟು ಹಾಕುತ್ತಿದ್ದೆ. ‘ಆವನಿ ಮುನಿವೆಂಕಟಪ್ಪ ನಾರಾಯಣಪ್ಪ’ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು, ಅದೂ ಆವನಿ ಮುನಿವೆಂಕಟಪ್ಪ ನಾರಾಯಣಪ್ಪ. ನಮ್ಮ ಕಡೆ ಗೊತ್ತಲ್ಲ, ಮೊಮ್ಮಗನಿಗೆ ತಾತನ ಹೆಸರೇ ಇಡುವುದು. ತಾತ ಮುನಿವೆಂಕಟಪ್ಪನ ಅಪ್ಪ ನಾರಾಯಣಪ್ಪ. ತಾತನ ಮಗನೂ ನಾರಾಯಣಪ್ಪ. ಆ ಮಗನ ಮಗ ಮತ್ತೆ ಮುನಿವೆಂಕಟಪ್ಪ. ಊರು, ಹೆಸರು, ಅಪ್ಪನ ಹೆಸರು ಮೂರೂ ತಾತನಿಗೂ ಮೊಮ್ಮಗನಿಗೂ ಒಂದೇ. ಮೊದಲ ಫೈಲಿನಲ್ಲಿ ಉಬ್ಬಸದ ಮುದುಕ, ಕೊನೆಯ ಹಾಳೆಯಲ್ಲಿ ಸತ್ತ ಷರಾ. ಎರಡನೆಯದರಲ್ಲಿ ನಾಲ್ಕು ವರ್ಷದ ಮಗುವಿನ ತೂಕ. ಹಳೆಯ ರಟ್ಟಿನ ಮೇಲೆ ಡಾಕ್ಟರ ಕೆಂಪು ಶಾಯಿ: ‘ಸೂಜಿ ಆಗದ ಪಾಪಣ್ಣ’. ಮಾವನ ಹೆಸರನ್ನು ಸೊಸೆ ಕರೆಯುವ ಹಾಗಿಲ್ಲವಲ್ಲ, ಅದಕ್ಕೇ ಮನೆಯಲ್ಲಿ ಆ ಮಗು ಪಾಪಣ್ಣ.

ನಾನು ನೋಡಿದೆ. ಇಬ್ಬರು ಬೇರೆ ಬೇರೆ ಎಂದು ನನಗೆ ಹೊಳೆಯಿತು. ಆದರೆ ಚೀಟಿಯ ಐದನೇ ಸಾಲು ಹಾಗೆ ಹೇಳುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು, ಕೇಳಿದರೆ ರಾಯರು ಬೈಯುತ್ತಾರೆ ಎಂಬ ಭಯ ಬೇರೆ. ಎರಡನ್ನೂ ಒಂದೇ ರಟ್ಟಿನೊಳಗೆ ಸೇರಿಸಿ, ಬಿಳಿ ಬಟ್ಟೆ ಸುತ್ತಿ, ಅಟ್ಟಕ್ಕೆ ಹಾಕಿ ಊಟಕ್ಕೆ ಹೋದೆ. ಬದುಕಿದ್ದವನನ್ನು ಸತ್ತವರ ಗಂಟಿಗೆ ಕಟ್ಟಿದೆ.

ಎರಡು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹತ್ತು ಗಂಟೆಗೆ ಆವನಿಯಿಂದ ಒಬ್ಬ ಹುಡುಗನನ್ನು ಗಾಡಿಯಲ್ಲಿ ಕರೆತಂದರು. ಇಪ್ಪತ್ತೆರಡರ ವಯಸ್ಸು, ಗಂಟಲು ಊದಿ ಜ್ವರದಿಂದ ಮೈ ಸುಡುತ್ತಿತ್ತು. ಜೊತೆಗೆ ಮದುವೆಯಾಗಿ ಆರು ತಿಂಗಳಾಗಿದ್ದ ಹೆಂಡತಿ ಲಕ್ಷ್ಮಮ್ಮ. ಅವನು ನರಳುತ್ತಲೇ ಹೆಸರು ಹೇಳಿದ. “ಚಿಕ್ಕೋನಾಗಿದ್ದಾಗ ಇಲ್ಲೇ ಬಂದಿದ್ನಂತೆ ಸಾರ್. ಆವಾಗ ಏನೋ ಆಗಿತ್ತಂತೆ, ನಮ್ಮಮ್ಮ ಹೇಳೋಳು. ಅವಳೂ ಇಲ್ಲ ಈಗ.” ಲಕ್ಷ್ಮಮ್ಮ ಸೆರಗು ಹಿಡಿದುಕೊಂಡು ರಾಯರ ಮುಂದೆ ನಿಂತಳು. “ಸ್ವಾಮಿ, ಇಲ್ಲಿ ಬರ್ದಿಕ್ಕಿದಾರಂತೆ. ಒಸಿ ನೋಡಿ.”

ರಾಯರು ಹೋಗಿ ಹುಡುಕಿದರು. ಹೊರಗೆ ಬಂದು, ಮತ್ತೆ ಒಳಗೆ ಹೋಗಿ ಇನ್ನೊಂದು ಸಲ ನೋಡಿ ಬಂದರು. “ಇಲ್ಲಮ್ಮ. ಇದ್ದಿದ್ರೆ ಸಿಕ್ತಿತ್ತು” ಎಂದರು. ಎಷ್ಟು ಧೈರ್ಯವಾಗಿ ಹೇಳಿದರೆಂದರೆ ಲಕ್ಷ್ಮಮ್ಮ ತಾನೇ ಏನೋ ತಪ್ಪು ಹೇಳಿದವಳ ಹಾಗೆ ತಲೆ ತಗ್ಗಿಸಿದಳು. ನಾನು ಹೊಸ ರಟ್ಟು ತೆಗೆದು ಎರಡನೇ ಸಲ ಅದೇ ಹೆಸರು ಬರೆದೆ. ಬರೆಯುವಾಗ ನನಗೆ ಏನೂ ನೆನಪಾಗಲಿಲ್ಲ, ಇದು ದೇವರಾಣೆ ಸತ್ಯ. ಡಾಕ್ಟರು ಪೆನಿಸಿಲಿನ್ ಸೂಜಿ ಹಾಕಿದರು. ಕಾಲು ಗಂಟೆಯೊಳಗೆ ಹುಡುಗ ಬೆಂಚಿನ ಮೇಲೇ ಹೋಗಿಬಿಟ್ಟ.

ಮಧ್ಯಾಹ್ನದ ಪಾಳಿಗೆ ಬಂದ ಚೌಡಮ್ಮ ಬಾಗಿಲಲ್ಲೇ ಊರು, ಹೆಸರು, ಸೂಜಿಯ ವಿಷಯ ಕೇಳಿ, ಮುಖ ನೋಡಿ ಎದೆ ಹೊಡೆದುಕೊಂಡಳು. “ಅಯ್ಯಯ್ಯೋ, ನಮ್ ಸೂಜಿ ಆಗದ ಪಾಪಣ್ಣ ಅಲ್ವಾ ಇವ್ನು! ಯಾರ್ ಹಾಕಿದ್ದು ಸೂಜಿ?” ರಾಯರು ಏಣಿ ತೆಗೆದುಕೊಂಡು ಅಟ್ಟಕ್ಕೆ ಹತ್ತಿದರು. ಎಷ್ಟು ಹೊತ್ತಾದರೂ ಇಳಿಯಲಿಲ್ಲ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.

ಇಳಿದು ಬಂದು, ಬಿಚ್ಚಿದ ಗಂಟನ್ನು ಮೇಜಿನ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದರು. “ಕಟ್ಟುವಾಗ ನಿನಗೇನೂ ಅನ್ನಿಸ್ಲಿಲ್ವಾ ಅಮ್ಮಾಯಿ?”

“ಇಲ್ಲ ರಾಯರೇ” ಎಂದೆ.

ಅವರು ಹೊರಗೆ ಗಾಡಿಯ ಹತ್ತಿರ ಕೂತಿದ್ದ ಲಕ್ಷ್ಮಮ್ಮನಿಗೆ ಹೇಳಿಬರುತ್ತೇನೆಂದು ಮೇಲಂಗಿ ಹಾಕಿಕೊಂಡರು. ನಾನು ಕಾಲು ಹಿಡಿದುಕೊಂಡೆ. “ರಟ್ಟಿನ ಮೇಲಿರೋದು ನನ್ನ ಅಕ್ಷರ. ನನ್ನ ಕೆಲಸ ಹೋಗತ್ತೆ, ನಮ್ಮ ಮನೆ ಬೀದಿಗೆ ಬೀಳತ್ತೆ” ಎಂದು ಅತ್ತೆ. ರಾಯರು ಮೇಲಂಗಿಯ ಗುಂಡಿ ಹಾಕುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. “ಏಳಮ್ಮಾಯಿ. ಹೇಳಲ್ಲ, ಏಳು” ಎಂದರು. ಜ್ವರ ನೆತ್ತಿಗೇರಿ ಹೋದ ಎಂದು ಊರೆಲ್ಲ ನಂಬಿತು. ಫೈಲು ಎಲ್ಲೋ ಕಳೆದಿತ್ತು ಎಂದು ಚೌಡಮ್ಮ ತಿಳಿದಳು, ಸೂಜಿಯ ಮಾತನ್ನು ಹೊರಗೆ ಆಡಲಿಲ್ಲ.

ಆಮೇಲಿನ ರಾಯರೇ ಬೇರೆ. ಚೀಟಿಯನ್ನು ಗೋಡೆಯಿಂದ ಕೆರೆದು ತೆಗೆದರು, ಗಾರೆಯೂ ಕಿತ್ತುಬಂತು. ದಿನಾ ಅಟ್ಟದಿಂದ ಒಂದು ಗಂಟು ಇಳಿಸುವರು, ಬಿಳಿ ಬಟ್ಟೆ ಬಿಚ್ಚುವರು, ಹಾಳೆ ಹಾಳೆ ತಿರುವಿ ವಯಸ್ಸು, ತೂಕ, ಮಚ್ಚೆ ಗುರುತು ಹೋಲಿಸುವರು. ಆಮೇಲೆ ಹೆಸರನ್ನು ಗಟ್ಟಿಯಾಗಿ ಓದಿ, ಸ್ವಲ್ಪ ತಡೆದು, ತೆಲುಗಿನಲ್ಲಿ, “ಉನ್ನಾವಾ ನಾಯನಾ?” ಎಂದು ಕೇಳುವರು. ಇದ್ದೀಯಾ ಅಪ್ಪಾ, ಎಂದು. ಕೇಳಿ, ಕಿವಿ ಕೊಟ್ಟು ಕೂರುವರು. ಹಗಲು ಹೊತ್ತು, ಹೊರಗೆ ಲಾರಿಗಳು ಓಡುತ್ತಿರುತ್ತಿದ್ದವು, ಆದರೂ ನಾನು ಹೆದರಿ, ಬಾಷಾ ಟೀ ತರುವುದನ್ನೇ ಕಾಯುತ್ತಿದ್ದೆ. ಆ ಗಂಟುಗಳಲ್ಲಿ ಇನ್ನೂ ಮೂವರು ಬದುಕಿರುವವರು ಸಿಕ್ಕಿದರು. ಭಾನುವಾರಗಳಲ್ಲಿ ಬಸ್ಸು ಹತ್ತಿ ಆ ಊರುಗಳಿಗೆ ಹೋಗಿ, ಅವರನ್ನು ಕಣ್ಣಾರೆ ನೋಡಿ ಬಂದರು. ಒಬ್ಬನಂತೂ ಸುಗಟೂರಿನ ಕಡೆಯ ಹಿಪ್ಪುನೇರಳೆ ತೋಟದಲ್ಲಿದ್ದನಂತೆ. ಯಾರೋ ಮುದುಕರು ಬಂದು ತನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ ಎಂದು ಆಸ್ಪತ್ರೆಗೆ ಬಂದಾಗ ಹೇಳಿ ನಗುತ್ತಿದ್ದ.

ನಿವೃತ್ತರಾದ ಮೇಲೂ ಅವರಿಗೆ ಬಿಡುಗಡೆ ಸಿಗಲಿಲ್ಲ. ಎಂಬತ್ತರ ದಶಕದ ನಡುವೆ ಒಂದು ದಿನ ಬಾಷಾನ ಕೈಲಿ ಹೇಳಿಕಳಿಸಿದರು. ಮುಳಬಾಗಿಲಿನ ಅವರ ಮನೆಗೆ ಹೋದೆ. ತುಂಬ ಇಳಿದುಹೋಗಿದ್ದರು, ಕನ್ನಡಕ ಮೂಗಿನ ಮೇಲೆ ನಿಲ್ಲುತ್ತಿರಲಿಲ್ಲ. ಕಮಲಮ್ಮನವರು ಕಾಫಿ ತಂದಿಟ್ಟು ಒಳಗೆ ಹೋದರು.

“ಆವನಿಗೆ ಹೋಗಿದ್ದೆ” ಎಂದರು. “ಲಕ್ಷ್ಮಮ್ಮನಿಗೆ ಎಲ್ಲ ಹೇಳ್ಬಿಟ್ಟೆ. ಚೀಟಿ, ಗಂಟು, ಎಲ್ಲ.”

“ನನ್ನ ವಿಷಯ?”

“ಅದೂ ಹೇಳ್ದೆ. ಸುಳ್ಳು ಹೇಳಕ್ಕೆ ನನಗೆ ಬರಲ್ಲ ಅಮ್ಮಾಯಿ.”

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು, ಗಂಡಿನ ಕಡೆಯವರು ಆವನಿಯವರೇ. “ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದು ಈಗ ನನ್ನ ತಲೆ ಮೇಲೆ ಕಲ್ಲು ಹಾಕಿದ್ರಾ? ನಿಮ್ಮ ಮನಸ್ಸು ಹಗುರ ಆಗ್ಲಿ ಅಂತ ನಾನು ಸಾಯ್ಬೇಕಾ?” ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು “ಕಾಫಿ ಆರತ್ತೆ, ಕುಡಿಯಮ್ಮ” ಎಂದರು. ಕುಡಿಯದೆ ಎದ್ದು ಬಂದೆ. ಮೂರು ತಿಂಗಳಿಗೆ ರಾಯರು ತೀರಿಕೊಂಡರು. ನಾನು ಹೋಗಲಿಲ್ಲ. ತಲೆನೋವೆಂದು ಹೇಳಿ ಮಲಗಿದ್ದೆ.

ಅದಾದ ಮೇಲೆ ಆವನಿ ಕಡೆಯ ಸೀರೆ ಕಣ್ಣಿಗೆ ಬಿದ್ದರೂ, ಆವನಿ ಕಡೆಯ ಮಾತು ಕಿವಿಗೆ ಬಿದ್ದರೂ ನಾನು ದಾರಿ ಬದಲಿಸುತ್ತಿದ್ದೆ. ಎಷ್ಟು ದಿನ ಬದಲಿಸಲಿ? ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಒಂದು ಸಂತೆಯ ದಿನ ಲಕ್ಷ್ಮಮ್ಮ ಎದುರಿಗೇ ಬಂದುಬಿಟ್ಟಳು. ತಲೆಯ ಮೇಲೆ ಅವರೆಕಾಯಿ ಬುಟ್ಟಿ. ಬುಟ್ಟಿ ಇಳಿಸಿ ನನ್ನನ್ನೇ ನೋಡಿದಳು. ಇನ್ನು ಹತ್ತು ಜನರ ಮುಂದೆ ಮಾನ ಹೋಯಿತು ಎಂದುಕೊಂಡು ನಾನು ಕಂಬ ಹಿಡಿದೆ.

“ಆಸ್ಪತ್ರೇಲಿ ಬರೆಯೋ ಅಮ್ಮ ಅಲ್ವಾ ನೀವು?” ಎಂದಳು. “ರಾಯರು ಬಂದಿದ್ರು ನಮ್ಮನೆಗೆ. ಎಲ್ಲ ಹೇಳಿದ್ರು.”

“ಲಕ್ಷ್ಮಮ್ಮ...” ಎಂದೆ.

“ನೀವು ಕೇಳಿದ್ರಂತೆ. ‘ಇವ್ರಿಬ್ರೂ ಬೇರೆ ಬೇರೆ ಇರಂಗದೆ ರಾಯರೇ’ ಅಂತ ಎರಡು ಸಲ ಕೇಳಿದ್ರಂತೆ. ಅವ್ರೇ ಗದರ್ಕೊಂಡು, ಯೋಚನೆ ಮಾಡ್ಬೇಡ, ಕಟ್ಟು ಅಂದ್ರಂತೆ. ‘ಆ ಹುಡುಗಿದು ಏನೂ ತಪ್ಪಿಲ್ಲ ತಾಯಿ, ಪಾಪ ನಂದು’ ಅಂತ ಅತ್ರು ಮುದ್ಕಪ್ಪ.” ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬುಟ್ಟಿಯಿಂದ ಎರಡು ಕೈತುಂಬ ಅವರೆಕಾಯಿ ತೆಗೆದು ನನ್ನ ಚೀಲಕ್ಕೆ ಹಾಕಿದಳು. “ನೀವೊಬ್ರಾದ್ರೂ ಕೇಳಿದ್ರಲ್ಲಾ ನನ್ ಗಂಡನ ಬಗ್ಗೆ. ಅಷ್ಟು ಸಾಕು ನಂಗೆ.”

ನಿಜ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಬಸ್ಸು ಬಂತು, ಬುಟ್ಟಿ ಎತ್ತಿಕೊಂಡು ಓಡಿದಳು. ಬಸ್ಸು ಬರದಿದ್ದರೂ ನಾನು ಹೇಳುತ್ತಿರಲಿಲ್ಲವೇನೋ. ಅವರೆಕಾಯಿ ಮನೆಗೆ ತಂದೆ, ಅಮ್ಮ ಸಾರು ಮಾಡಿದಳು, ನಾನೂ ಉಂಡೆ. ರಾಯರೇ, ನಾನು ಕೇಳಿರಲಿಲ್ಲ. ಎರಡು ಸಲ ಹಾಗಿರಲಿ, ಒಂದು ಸಲವೂ ಕೇಳಿರಲಿಲ್ಲ.